ವರನ ಜಾಗದಲ್ಲಿ ನಿಂತವನು

ಹೂವಿನ ಕಮಾನಿನ ಕೆಳಗೆ ಬಿಳಿ ಅಂಗಿ ತೊಟ್ಟು ನಿಂತಿದ್ದವನನ್ನು ಅವಳು ಮದುಮಗ ಅಂದುಕೊಂಡಳು. ಅವಳದೇನೂ ತಪ್ಪಿಲ್ಲ. ಆ ಹೊತ್ತಿಗೆ ಆ ಜಾಗದಲ್ಲಿ ನಿಂತಿರಬೇಕಾದವನು ಮದುಮಗನೇ.

ಬೆಳಗಿನ ಬಿಸಿಲು ಇನ್ನೂ ಎಳೆಯದು. ತೋಟದ ಹುಲ್ಲಿನ ಮೇಲೆ ಕುರ್ಚಿ ಜೋಡಿಸುವ ಸದ್ದು ಬಿಟ್ಟರೆ ಬೇರೆ ಗಲಾಟೆಯಿಲ್ಲ. ಅವಳು ಒಂದು ಕ್ಯಾಮೆರಾ ಕೊರಳಿಗೆ, ಇನ್ನೊಂದು ಹೆಗಲಿಗೆ ನೇತುಹಾಕಿಕೊಂಡು ದಡದಡ ನಡೆದು ಬಂದಳು.

"ಸಾರ್, ಅಲ್ಲೇ ಇರಿ. ಆ ಕಡೆ ತಿರುಗಿ. ನನಗೆ ಮುಖ ಬೇಡ, ಬೆನ್ನು ಬೇಕು."

ಅವನು ಏನೋ ಹೇಳಲು ಬಾಯಿ ತೆರೆದ.

"ಮಾತು ಆಮೇಲೆ. ಬೆಳಕು ಓಡಿಹೋಗುತ್ತೆ."

ಅವನು ಬಾಯಿ ಮುಚ್ಚಿ ತಿರುಗಿ ನಿಂತ.

ಈಚಿನ ಮದುವೆಗಳಲ್ಲಿ 'ಫಸ್ಟ್ ಲುಕ್' ಅಂತ ಒಂದು ಶುರುವಾಗಿದೆ. ಮದುಮಗ ಬೆನ್ನು ಮಾಡಿ ನಿಂತಿರಬೇಕು. ಮದುಮಗಳು ಹಿಂದಿನಿಂದ ಮೆಲ್ಲಗೆ ಬಂದು ಹೆಗಲು ಮುಟ್ಟಬೇಕು. ಅವನು ತಿರುಗಿ ನೋಡಿದ ಗಳಿಗೆಯಲ್ಲಿ ಮುಖದ ಮೇಲೆ ಏನು ಮೂಡುತ್ತದೋ ಅದೇ ಫೋಟೋ. ಆ ಗಳಿಗೆ ಎರಡನೇ ಸಲ ಬರುವುದಿಲ್ಲ. ಅದಕ್ಕೇ ಅವಳು ಮದುಮಗನ ಕೈಲಿ ಮೊದಲು ಒಂದಷ್ಟು ರಿಹರ್ಸಲ್ ಮಾಡಿಸುತ್ತಿದ್ದಳು.

"ಈಗ ತಿರುಗಿ. ಅಯ್ಯೋ, ಯಾರೋ ಪೊಲೀಸು ಕರೆದ ಹಾಗೆ ತಿರುಗಿದ್ರೆ ಹೇಗೆ ರೀ? ನಿಮ್ಮ ಹುಡುಗಿ ಬಂದಿದ್ದಾಳೆ. ಸ್ವಲ್ಪ ಖುಷಿ ತೋರಿಸಿ. ಕಣ್ಣು ಬಿಡಿ. ಕಣ್ಣು ಯಾಕೆ ಮುಚ್ತೀರ? ಕೈಯಲ್ಲಿ ಅದೇನು?"

"ಕತ್ತರಿ."

"ಮದುವೆ ದಿನ ಕತ್ತರಿ ಯಾಕೆ?"

"ಕಾಂಡ ಕತ್ತರಿಸೋಕೆ."

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಯುವಕ, ಬಿಚ್ಚಿದ ಶೂ ಲೇಸು ಎಳೆದುಕೊಂಡು ಓಡಿ ಬಂದು, "ಮೇಡಂ, ಲೇಟಾಯ್ತು, ಸಾರಿ, ನಾನೇ ಮದುಮಗ" ಅಂದ. ಅವಳು ಕ್ಯಾಮೆರಾದ ಪುಟ್ಟ ಪರದೆಯನ್ನೂ ಕತ್ತರಿಯನ್ನೂ ಅದನ್ನು ಹಿಡಿದವನನ್ನೂ ಒಂದಾದ ಮೇಲೊಂದು ನೋಡಿದಳು. ಕಮಾನು ಕಟ್ಟಿದವನು ಅವನು. ಹೂವಿನ ಅಂಗಡಿಯವನು.

"ಮೊದಲೇ ಹೇಳಬಾರದಿತ್ತಾ?" ಕಿವಿವರೆಗೂ ಕೆಂಪಾಗಿ ಕೇಳಿದಳು.

"ಮಾತಿಗೆ ಸಂದು ಕೊಟ್ಟಿದ್ರೆ ಹೇಳ್ತಿದ್ದೆ." ಅವನು ಬಗ್ಗಿ ಬಿದ್ದಿದ್ದ ಎಲೆಗಳನ್ನು ಬುಟ್ಟಿಗೆ ತುಂಬತೊಡಗಿದ. "ಮತ್ತೆ, ಹುಡುಗಿ ಬಂದಿದ್ದಾಳೆ ಅಂತ ನೀವು ಅಷ್ಟು ಖಚಿತವಾಗಿ ಹೇಳಿದ್ರಲ್ಲ. ಬಂದರೂ ಬಂದಿರಬಹುದು ಅಂತ ನಿಂತೆ."

ಅಂದು ಇಡೀ ದಿನ ಅವಳಿಗೆ ಆ ಮಾತು ನೆನಪಾದಾಗಲೆಲ್ಲ ನಗು ಬರುತ್ತಿತ್ತು. ನಗು ಬಂದಾಗಲೆಲ್ಲ ಕ್ಯಾಮೆರಾ ಅಲುಗುತ್ತಿತ್ತು.

ಅವಳ ಕಸುಬು ಅಪ್ಪನಿಂದ ಬಂದದ್ದು. ಅಪ್ಪನ ಸ್ಟುಡಿಯೋ ಪೇಟೆಬೀದಿಯ ಮಹಡಿಯ ಮೇಲಿತ್ತು. ಅಲ್ಲಿ ಈಗಲೂ ಸರೋವರ, ಹಂಸ, ಎಲ್ಲಿಗೂ ಹೋಗದ ಮೆಟ್ಟಿಲು ಬರೆದ ಒಂದು ಪರದೆ ತೂಗುತ್ತಿತ್ತು. ಅಪ್ಪನ ಕಾಲದಲ್ಲಿ ಹೊಸ ಜೋಡಿಗಳು ಅದರ ಮುಂದೆ ಮಂಡಿ ಮೇಲೆ ಕೈಯಿಟ್ಟು, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಈಗ ಕಾಲ ಬೇರೆ. ಮದುಮಕ್ಕಳು ಮೊಬೈಲಿನಲ್ಲಿ ನೂರಾರು ಚಿತ್ರ ಕೂಡಿಟ್ಟುಕೊಂಡು ಬರುತ್ತಾರೆ. ಒಬ್ಬರಿಗೆ ಮದುವೆಯೆಲ್ಲ ತಿಳಿಗುಲಾಬಿ ಬಣ್ಣದಲ್ಲೇ ಇರಬೇಕು. ಇನ್ನೊಬ್ಬರಿಗೆ ಮುಸ್ಸಂಜೆಯಲ್ಲಿ ಮಿಣುಕು ದೀಪದ ಸಾಲು ಬೇಕು. ಮತ್ತೊಬ್ಬರಿಗೆ ಹೂವೇ ಬೇಡ, ಒಣಹುಲ್ಲಿನ ತೆನೆ ಸಾಕು. ಆ ಮದುವೆಗೆ ಹುಲ್ಲು ಕಟ್ಟುವಾಗ ಹೂವಿನವನ ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು.

"ಜೀವ ಇರೋ ಹೂವು ಅಂಗಡಿ ತುಂಬ ಇದೆ. ಇವರು ಕೊಟ್ಟಿಗೆ ಮುಂದೆ ಮದುವೆ ಆಗ್ತಿದ್ದಾರೆ" ಅಂದ.

"ಫೋಟೋದಲ್ಲಿ ನೋಡಿ" ಎಂದು ಅವಳು ಕ್ಯಾಮೆರಾ ಮುಂದೆ ಹಿಡಿದಳು. ಇಳಿಬಿಸಿಲು ತೆನೆಗಳ ಒಳಗೆ ಹೊಕ್ಕು ಚಿನ್ನದ ಹೊಗೆಯಂತೆ ಎದ್ದಿತ್ತು.

ಅವನು ಬಹಳ ಹೊತ್ತು ನೋಡಿದ. "ಕೊಟ್ಟಿಗೆ ಚೆನ್ನಾಗಿದೆ" ಅಂತ ಒಪ್ಪಿಕೊಂಡ.

ಒಂದೇ ಊರು, ಒಂದೇ ಕಸುಬಿನ ಆಚೀಚೆ. ಆ ಋತುವಿನಲ್ಲಿ ಮದುವೆ ಮೇಲೆ ಮದುವೆ ಬಿದ್ದು ಇಬ್ಬರೂ ಎದುರುಬದುರಾಗುತ್ತಲೇ ಇದ್ದರು. ಮದುಮಗ ಬರುವುದು ತಡವಾದಾಗಲೆಲ್ಲ ಅವಳು ದೂರದಿಂದಲೇ ಕೈ ಬೀಸುತ್ತಿದ್ದಳು. "ಹೂವಿನವರೇ, ಒಂದ್ನಿಮಿಷ ವರ ಆಗ್ತೀರಾ?" ಅವನು ಕೈ ಒರೆಸಿಕೊಂಡು ಬಂದು ನಿಲ್ಲುತ್ತಿದ್ದ. ಅವಳು ಬೆಳಕು ಅಳೆದು, ಒಂದೆರಡು ಕ್ಲಿಕ್ ಮಾಡಿ, ಅಳಿಸುತ್ತಿದ್ದಳು. ಎಲ್ಲದರಲ್ಲೂ ಅವನ ಕಣ್ಣು ಮುಚ್ಚಿರುತ್ತಿತ್ತು.

"ನಿಮ್ಮನ್ನ ಕಣ್ಣು ಬಿಟ್ಟು ಸೆರೆಹಿಡಿಯೋ ಕ್ಯಾಮೆರಾ ಇನ್ನೂ ಬಂದಿಲ್ಲ" ಅಂತ ರೇಗಿಸುತ್ತಿದ್ದಳು.

"ಆ ಕಪ್ಪು ಗಾಜು ನೋಡಿದ್ರೆ ಡಾಕ್ಟರ್ ಮುಂದೆ ನಿಂತ ಹಾಗಾಗುತ್ತೆ ರೀ."

ಅಳಿಸುವುದು ಯಾವಾಗ ನಿಂತಿತೋ ಅವಳಿಗೂ ಗೊತ್ತಾಗಲಿಲ್ಲ. ಒಂದು ದಿನ ಕಂಪ್ಯೂಟರಿನ ಮುಂದೆ ಕೂತಾಗ ನೋಡುತ್ತಾಳೆ, ಯಾರ್ಯಾರದೋ ಮದುವೆಗಳ ನಡುವೆ ಅವನೊಬ್ಬನೇ ಕಣ್ಣು ಮುಚ್ಚಿ ನಿಂತಿದ್ದಾನೆ. ಕಮಾನಿನ ಕೆಳಗೆ, ದೀಪದ ಸಾಲಿನ ಮುಂದೆ, ಮರದ ಬುಡದಲ್ಲಿ.

ಕ್ಯಾಮೆರಾಗೆ ಸಿಕ್ಕದ್ದಕ್ಕಿಂತ ಹೆಚ್ಚು ಅವಳ ಕಣ್ಣಿಗೆ ಸಿಕ್ಕಿತ್ತು. ಲಿಲ್ಲಿ ಹೂವಿನ ಪರಾಗ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ ಅಂತ, ಅವನು ಮದುಮಗಳ ಕೈಗೆ ಕೊಡುವ ಪ್ರತಿ ಹೂವಿನ ಕೇಸರವನ್ನೂ ಚಿವುಟಿ ತೆಗೆಯುತ್ತಿದ್ದ. ಅಜ್ಜಿಯರ ಕೈಲಿ ಹೂವಿನೆಸಳು ಚೆಲ್ಲಿಸುವುದು ಈಗಿನ ಹೊಸ ಹುಚ್ಚು. ಫೋಟೋ ತುಂಬ ಚಂದ ಬರುತ್ತದೆ. ಆ ಅಜ್ಜಿಯರ ಬುಟ್ಟಿಗೆ ಅವನು ತಳದಲ್ಲಿ ಕಾಗದ ತುರುಕಿ, ಮೇಲೆ ಮಾತ್ರ ಎಸಳು ತುಂಬುತ್ತಿದ್ದ. ನೋಡಲು ತುಂಬಿದ ಬುಟ್ಟಿ, ಹಿಡಿದರೆ ಹಗುರ.

ಅವಳು ಕೆಲಸಕ್ಕೆ ನಿಂತರೆ ಊಟ ಮರೆಯುವವಳು ಅನ್ನುವುದನ್ನೂ ಅವನು ಗಮನಿಸಿದ್ದ. ಹೂವಿನ ತಣ್ಣನೆ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ ಇರತೊಡಗಿತು. ಗುಲಾಬಿ ವಾಸನೆಯ ಬಿಸ್ಕತ್ತು ತಿನ್ನುತ್ತ ಅವಳು, "ಸೋಪು ತಿಂದ ಹಾಗಿದೆ" ಅನ್ನುತ್ತಿದ್ದಳು. ಪೊಟ್ಟಣ ಮಾತ್ರ ಖಾಲಿಯಾಗುತ್ತಿತ್ತು.

ಒಂದು ಮದುವೆಯಲ್ಲಿ ಬಣ್ಣದ ಹೊಗೆ ಬೇಕು ಅಂದಿದ್ದರು. ನೀಲಿ ಹೊಗೆಯ ನಡುವೆ ಜೋಡಿ ನಡೆದು ಬರಬೇಕು. ಹೊಗೆ ಹಚ್ಚಿದ್ದೇ ತಡ, ಗಾಳಿ ದಿಕ್ಕು ಬದಲಿಸಿ, ವರನ ಕಡೆಯ ನೆಂಟರೆಲ್ಲ ನೀಲಿಯಾಗಿ ಕೆಮ್ಮುತ್ತ ಚೆದುರಿದರು. ಹೂವಿನವನು ಓಡಿದ. ತನ್ನ ಗುಲಾಬಿಗಳ ಕಡೆಗಲ್ಲ, ನೆಲದ ಮೇಲೆ ತೆರೆದಿದ್ದ ಅವಳ ಲೆನ್ಸಿನ ಚೀಲದ ಕಡೆಗೆ. ಮೈಮೇಲಿದ್ದ ಕೋಟು ಬಿಚ್ಚಿ ಅದರ ಮೇಲೆ ಹೊದಿಸಿ ಕೂತ. ಹೊಗೆ ಕರಗಿದಾಗ ಅವನ ಹುಬ್ಬು ಕೂಡ ನೀಲಿ.

"ಹೂವು ಹಾಳಾಯ್ತಲ್ಲ" ಅಂದಳು.

"ನಾಳೆ ಬೇರೆ ಅರಳುತ್ತೆ. ನಿಮ್ಮ ಗಾಜು ಅರಳಲ್ಲವಲ್ಲ."

ಅಂದು ವಾಪಸು ಹೋಗುವಾಗ, ವ್ಯಾನಿಗೆ ಖಾಲಿ ಬಕೆಟ್ಟು ಏರಿಸುತ್ತ ಅವನು ಕೇಳಿದ. "ಇಷ್ಟೊಂದು ಮದುವೆ ನೋಡ್ತೀರ. ನಿಮಗೆ ಒಂದು ಬೇಕು ಅನ್ನಿಸಲ್ವಾ?"

ಅವಳು ಸಾಮಾನ್ಯವಾಗಿ ತಮಾಷೆಯಲ್ಲಿ ತೇಲಿಸುತ್ತಿದ್ದಳು. ಅವತ್ತು ಯಾಕೋ ಇದ್ದದ್ದು ಹೇಳಿದಳು. ಹಿಂದೆ ಒಂದು ನಿಶ್ಚಯವಾಗಿತ್ತು. ಮದುವೆಗೆ ಮುಂಚೆ ಬೆಟ್ಟ, ಬೀಚು, ಹಳೇ ರೈಲ್ವೆ ಸ್ಟೇಷನ್ ಅಂತ ಸುತ್ತಾಡಿ ಫೋಟೋ ತೆಗೆಸಿಕೊಂಡರು. ಸ್ನೇಹಿತೆ ತೆಗೆದದ್ದು, ಒಂದಕ್ಕಿಂತ ಒಂದು ಚಂದ. ಫೋಟೋ ನೋಡಿದವರೆಲ್ಲ ಇಂಥ ಜೋಡಿ ಇಲ್ಲ ಅಂದರು. ಆಮೇಲೆ ಆ ಹುಡುಗ ಫೋನಿನಲ್ಲೇ ಬೇಡ ಅಂದುಬಿಟ್ಟ.

"ಆಮೇಲೆ ಕೂತು ಒಂದೊಂದೇ ನೋಡಿದೆ. ಒಂದರಲ್ಲೂ ಅವನು ನನ್ನ ಕಡೆ ನೋಡ್ತಿರಲಿಲ್ಲ. ಎಲ್ಲದರಲ್ಲೂ ಕ್ಯಾಮೆರಾ ಕಡೆಗೇ. ನಾನು ಫೋಟೋಗ್ರಾಫರ್, ನನಗೇ ಕಾಣಲಿಲ್ಲ." ಅವಳು ಚೀಲದ ಜಿಪ್ ಎಳೆದಳು. "ಅದಕ್ಕೆ, ಮದುವೆ ತೆಗೆಯೋದಷ್ಟೇ ನನ್ನ ಕೆಲಸ. ಮಾಡ್ಕೊಳ್ಳೋದಲ್ಲ."

ಅವನು ತಲೆಯಾಡಿಸಿದ. ಬಕೆಟ್ಟುಗಳನ್ನು ಒಂದರೊಳಗೊಂದು ಇಟ್ಟ. ಮತ್ತೆ ಆ ಮಾತು ಎತ್ತಲಿಲ್ಲ.

ಮದುವೆಗಳ ಸುಗ್ಗಿ ಮುಗಿಯುವ ಹೊತ್ತಿಗೆ ಸ್ಟುಡಿಯೋಗೆ ಅವನ ಅತ್ತಿಗೆ ಬಂದರು. ಅಂಗಡಿಯ ಗಲ್ಲಾದಲ್ಲಿ ಕೂರುವವರು. ತಾಯಿಯಿಲ್ಲದ ಮೈದುನನನ್ನು ಬೆಳೆಸಿದವರು. ಮೆಟ್ಟಿಲು ಹತ್ತಿದ ಆಯಾಸಕ್ಕೆ ಸೆಕೆಂಡಿಗೊಮ್ಮೆ ಉಸ್ಸೆನ್ನುತ್ತ, ಅಪ್ಪ ಕೊಟ್ಟ ಕುರ್ಚಿಯಲ್ಲಿ ಕೂತು ವಿಷಯಕ್ಕೆ ಬಂದರು.

"ನಮ್ಮ ಮೈದುನನ ಒಂದು ಒಳ್ಳೇ ಫೋಟೋ ಬೇಕಮ್ಮ. ಒಂದು ಸಂಬಂಧ ಬಂದಿದೆ. ಟೀಚರಂತೆ, ಒಳ್ಳೇ ಮನೆತನ. ನಮ್ಮವನ ಒಂದು ಫೋಟೋನೂ ಮನುಷ್ಯರಿಗೆ ತೋರಿಸೋ ಹಾಗಿಲ್ಲ. ಎಲ್ಲದರಲ್ಲೂ ನಿದ್ದೆ ಮಾಡ್ತಿರ್ತಾನೆ."

"ಆಗಲಿ ಅತ್ತಿಗೆ" ಅಂದಳು ಅವಳು. ಬೇರೆ ಏನು ಹೇಳಲಿಕ್ಕಿತ್ತು. ಮದುವೆ ತನ್ನ ಕೆಲಸವಲ್ಲ ಅಂತ ತನ್ನ ಬಾಯಿಂದಲೇ ಹೇಳಿಯಾಗಿತ್ತು.

ಅವನು ಮರುದಿನ ಮಧ್ಯಾಹ್ನ ಬಂದ. ಇಸ್ತ್ರಿ ಮಾಡಿದ ಬೂದುಬಣ್ಣದ ಅಂಗಿ. ಕೂದಲಿಗೆ ಅತ್ತಿಗೆ ಬಾಚಿದ ಬೈತಲೆ. ಅಪ್ಪ ಮೂಲೆಯಲ್ಲಿ ಕನ್ನಡಕ ಹಣೆಗೇರಿಸಿಕೊಂಡು ಪೇಪರ್ ಓದುತ್ತಿದ್ದರು.

ಅವಳು ಒಂದು ನಿರ್ಧಾರ ಮಾಡಿಕೊಂಡಿದ್ದಳು. ಕೆಟ್ಟ ಫೋಟೋ ತೆಗೆಯುವುದು ಸುಲಭ. ಬೆಳಕು ಒಂದು ಗೇಣು ಮೇಲಿಟ್ಟರೆ ಸಾಕು, ಯಾರ ಮುಖವಾದರೂ ಸಾಲಗಾರನ ಮುಖವಾಗುತ್ತದೆ. ಆದರೆ ಈ ಕೈಯಿಂದ ಅದು ಆಗುವುದಿಲ್ಲ. ಕಾಣದ ಊರಿನ ಆ ಟೀಚರಮ್ಮನಿಗೆ ಇವನು ಹೇಗಿದ್ದಾನೋ ಹಾಗೆ ಕಾಣಬೇಕು. ಪರದೆ ಪಕ್ಕಕ್ಕೆ ಸರಿಸಿ, ಕಿಟಕಿ ತೆರೆದು, ಅವನನ್ನು ಆ ಬೆಳಕಿನ ಅಂಚಿನಲ್ಲಿ ಸ್ಟೂಲಿನ ಮೇಲೆ ಕೂರಿಸಿದಳು. ಮುಂದೆ ಬಂದು ಬೈತಲೆಯನ್ನು ಬೆರಳಿನಿಂದ ಕೆದರಿದಳು. ಅವನು ಉಸಿರಾಡಲಿಲ್ಲ. ಅವಳೂ.

"ಇಷ್ಟು ಹೊತ್ತು ಬಾಚಿದ್ರು ಪಾಪ" ಅಂದ ಮೆಲ್ಲಗೆ.

"ಅವರಿಗೆ ಹೇಳಬೇಡಿ." ಅವಳು ಹಿಂದೆ ಸರಿದು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. "ಹುಡುಗಿ ಟೀಚರಂತೆ."

"ಅಂತೆ."

"ಒಳ್ಳೇದಾಯ್ತು. ನೀವು ಮಾತು ಕೇಳ್ತೀರ. ಟೀಚರಿಗೆ ಅಂಥವರೇ ಬೇಕು."

ಅವನು ನಗಲಿಲ್ಲ. "ಎಲ್ಲಿ ನೋಡಲಿ?"

"ಲೆನ್ಸ್ ನೋಡಿ."

ಕಣ್ಣು ಮುಚ್ಚಿತು. ಮತ್ತೊಂದು ತೆಗೆದಳು. ಅದರಲ್ಲೂ ಮುಚ್ಚಿತ್ತು. ಕ್ಯಾಮೆರಾದ ಹಿಂದಿನಿಂದ ತಲೆಯೆತ್ತಿ, "ಗಾಜು ಬಿಡಿ. ಎಲ್ಲಿ ನೋಡಿದ್ರೆ ಹೆದರಿಕೆ ಆಗಲ್ವೋ ಅಲ್ಲಿ ನೋಡಿ" ಅಂದಳು.

ಅವನು ಅವಳನ್ನು ನೋಡಿದ.

ಅವಳ ಬೆರಳು ತನ್ನಷ್ಟಕ್ಕೆ ಗುಂಡಿ ಒತ್ತಿತು. ಮೂಲೆಯಲ್ಲಿ ಅಪ್ಪನ ಪೇಪರ್ ಒಂದು ಪುಟ ಮಗುಚಿಕೊಂಡಿತು. ಅಷ್ಟೇ ಸದ್ದು.

"ಆಯ್ತು" ಅಂದಳು. "ಬಂತು."

ಅವನು ಎದ್ದು ಸ್ಟೂಲನ್ನು ಗೋಡೆಗೆ ಸರಿಸಿದ. ಆಮೇಲೆ, "ಥ್ಯಾಂಕ್ಸ್" ಅಂದು ಮೆಟ್ಟಿಲಿಳಿದ.

ಫೋಟೋವನ್ನು ಅತ್ತಿಗೆಯ ಮೊಬೈಲಿಗೆ ಕಳಿಸಿ, ಅವಳು ಕಿಟಕಿ ಮುಚ್ಚಿದಳು. ಅಪ್ಪ ಕನ್ನಡಕ ಇಳಿಸಿ ಕೇಳಿದರು. "ಮರಿ, ಆ ಹುಡುಗ ನನ್ನ ಕಡೆಗಂತೂ ನೋಡ್ತಿರಲಿಲ್ಲ ಅಲ್ವಾ?"

"ನೀವು ಪೇಪರ್ ಓದಿ ಅಪ್ಪ."

"ಓದಿ ಆಯ್ತು. ಅದರಲ್ಲಿ ಏನೂ ಇರಲಿಲ್ಲ."

ಮಾರನೆ ದಿನ ಅತ್ತಿಗೆ ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ಉಸ್ಸೆನ್ನಲೂ ಪುರುಸೊತ್ತಿಲ್ಲ. ಮೊಬೈಲು ಮುಂದೆ ಚಾಚಿ, "ಈ ಫೋಟೋ ಕಳಿಸೋ ಹಾಗಿಲ್ಲ ಕಣಮ್ಮ" ಅಂದರು.

"ಯಾಕೆ ಅತ್ತಿಗೆ, ಚೆನ್ನಾಗಿಲ್ವಾ?"

"ಚೆನ್ನಾಗಿರೋದೇ ತಾಪತ್ರಯ. ಚಡ್ಡಿ ಹಾಕ್ತಿದ್ದಾಗಿಂದ ಇವನನ್ನ ನೋಡಿದ್ದೀನಿ. ಈ ಮುಖ ನಾನು ನೋಡೇ ಇಲ್ಲ. ಇದನ್ನ ಆ ಟೀಚರಿಗೆ ಕಳಿಸಿದ್ರೆ ಆಕೆ ಮೊದಲು ಕೇಳೋದು ಇವನು ಯಾರನ್ನ ನೋಡ್ತಿದ್ದಾನೆ ಅಂತ. ನಾನು ಏನು ಹೇಳಲಿ?" ಧ್ವನಿ ತಗ್ಗಿಸಿದರು. "ನೀನೇ ಹೇಳಮ್ಮ. ಕ್ಯಾಮೆರಾ ಹಿಂದೆ ನಿಂತಿದ್ದೋರು ಯಾರು?"

ಅವಳು ಮೊಬೈಲು ಕೈಗೆ ತೆಗೆದುಕೊಂಡಳು. ನಿನ್ನೆ ಅವಳು ಅದನ್ನು ಸರಿಯಾಗಿ ನೋಡಿರಲಿಲ್ಲ. ಬಣ್ಣ, ನೆರಳು, ಅಂಚು ಎಲ್ಲ ಸರಿಯಿದೆಯಾ ಅಂತ ಕಸುಬಿನ ಕಣ್ಣಿಂದ ನೋಡಿ ಕಳಿಸಿಬಿಟ್ಟಿದ್ದಳು. ಈಗ ನೋಡಿದಳು. ಕಿಟಕಿಯ ಬೆಳಕು ಅವನ ಅರ್ಧ ಮುಖದ ಮೇಲಿತ್ತು. ಕಣ್ಣು ತೆರೆದಿತ್ತು. ಲೆನ್ಸಿಗಿಂತ ಒಂದು ಚೂರು ಮೇಲಕ್ಕೆ, ಅವಳು ತಲೆಯೆತ್ತಿ ನಿಂತಿದ್ದ ಜಾಗಕ್ಕೆ ನೋಟ ನೆಟ್ಟಿತ್ತು. ಅದರಲ್ಲಿ ಬೇಡಿಕೆ ಇರಲಿಲ್ಲ. ಸುಮ್ಮನೆ ನೋಡಿಕೊಂಡಿರುವುದೇ ಸಾಕು ಅನ್ನುವವನ ನೋಟ.

ಸಾವಿರ ಮದುಮಗಂದಿರ ಮುಖದಲ್ಲಿ ಅವಳು ಹುಡುಕುತ್ತಿದ್ದದ್ದು ಇದೇ. ಕೆಲವರಲ್ಲಿ ಸಿಕ್ಕಿತ್ತು, ಹಲವರಲ್ಲಿ ಇಲ್ಲ. ಇದು ಬೆಳಕಿನಿಂದ ಬರುವಂಥದ್ದಲ್ಲ, ಬಣ್ಣದಿಂದ ಬರುವಂಥದ್ದಲ್ಲ. ಯಾವ ಫೋಟೋಗ್ರಾಫರಿಗೂ ಇದನ್ನು ಹುಟ್ಟಿಸಲು ಬರುವುದಿಲ್ಲ.

"ಅತ್ತಿಗೆ," ಅಂದಳು, "ಟೀಚರ ಮನೆಯವರಿಗೆ ಏನೂ ಕಳಿಸಬೇಡಿ."

"ಕಳಿಸಲ್ಲ ಬಿಡು." ಅತ್ತಿಗೆ ಕುರ್ಚಿಗೆ ಒರಗಿ ಕೂತು, ಈಗ ನಿಧಾನವಾಗಿ ಉಸ್ ಅಂದರು. "ಯಜಮಾನರೇ, ಒಂದು ಲೋಟ ನೀರು ಕೊಡ್ತೀರಾ? ನಿಮ್ಮ ಮಗಳಿಗೆ ಎಲ್ಲೋ ಹೋಗೋದಿದೆ."

ಹೂವಿನಂಗಡಿ ಎರಡು ಬೀದಿ ಆಚೆ. ಅವಳು ಹೋದಾಗ ಅವನು ನೆಲದ ಮೇಲೆ ಕೂತು ಗುಲಾಬಿಯ ಮುಳ್ಳು ಬಿಡಿಸುತ್ತಿದ್ದ. ಸುತ್ತ ನೀರು ತುಂಬಿದ ಬಕೆಟ್ಟುಗಳು, ಒದ್ದೆ ಎಲೆಯ ವಾಸನೆ.

"ಕ್ಯಾಮೆರಾ ಎಲ್ಲಿ?" ಅಂದ ತಲೆಯೆತ್ತಿ.

"ತಂದಿಲ್ಲ."

ಕ್ಯಾಮೆರಾ ಇಲ್ಲದೆ ಅವಳಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಒಂದು ಬಕೆಟ್ಟಿನ ಅಂಚು ಹಿಡಿದುಕೊಂಡಳು. "ಫೋಟೋ ತೆಗೆಸೋಕೆ ಯಾಕೆ ಬಂದ್ರಿ? ನಿಮಗೆ ಆ ಸಂಬಂಧ ಬೇಕಿತ್ತಾ?"

"ಇಲ್ಲ."

"ಮತ್ತೆ?"

"ಬೇಡ ಅಂತಲೇ ಅಂದಿದ್ದೆ. ಫೋಟೋನಾದ್ರೂ ತೆಗೆಸು, ಮಹಡಿ ಮೇಲಿನ ಸ್ಟುಡಿಯೋಲಿ ತೆಗೆಸು ಅಂದ್ರು ಅತ್ತಿಗೆ. ಆಗ ಸರಿ ಅಂದೆ." ಅವನು ಮುಳ್ಳೊಂದನ್ನು ಕಿತ್ತ. "ಮದುವೆಗಳಲ್ಲಿ ನೀವು ನನ್ನ ಹಿಂದಿರೋ ಬೆಳಕು ನೋಡ್ತೀರ. ಅವತ್ತೊಂದು ದಿನವಾದ್ರೂ ನನ್ನನ್ನೇ ನೋಡ್ಬೇಕಲ್ಲ ಅಂತ."

ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. "ಒಂದು ಮಾತು ಹೇಳೋಕೆ ಏನಾಗಿತ್ತು?"

"ನಿಮ್ಮ ಕೆಲಸ ಅಲ್ಲ ಅಂದಿದ್ರಲ್ಲ. ನೋವಾಗಿರೋ ಜಾಗನ ಮತ್ತೆ ಮತ್ತೆ ಮುಟ್ಟಬಾರದು."

ಅಷ್ಟರಲ್ಲಿ ಒಬ್ಬರು ಬಾಗಿಲಲ್ಲಿ ನಿಂತು, ಹೆಂಡತಿ ಮುನಿಸಿಕೊಂಡಿದ್ದಾಳೆ, ಏನು ಹೂವು ಕೊಂಡೊಯ್ಯಲಿ ಅಂತ ಕೇಳಿದರು. ಹೂವಿನವನು ಎದ್ದು, ತೀರಾ ಶ್ರದ್ಧೆಯಿಂದ, "ಮುನಿಸು ನಿಮ್ಮ ತಪ್ಪಿನಿಂದಲೋ ಅವರದ್ದೋ?" ಅಂತ ವಿಚಾರಿಸಿ, ನನ್ನದೇ ಅಂತ ಅವರು ಒಪ್ಪಿದಾಗ, ಹಾಗಾದ್ರೆ ದೊಡ್ಡದೇ ಬೇಕು ಅಂದು, ಒಂದು ದೊಡ್ಡ ಕಟ್ಟು ಮಾಡಿಕೊಟ್ಟ. ಅವಳು ಅಲ್ಲಿಯವರೆಗೂ ಬಕೆಟ್ಟು ಹಿಡಿದೇ ನಿಂತಿದ್ದಳು. ಆ ಬಿಡುವೇ ಅವಳಿಗೆ ಧೈರ್ಯ ತಂದಿತು.

ಗಿರಾಕಿ ಹೋದಮೇಲೆ ಅಂದಳು. "ನಾನು ನೋಡ್ತಿದ್ದೆ. ಬೆಳಕಿನ ನೆಪದಲ್ಲಿ. ಎಷ್ಟೋ ದಿನದಿಂದ ನಿಮ್ಮ ಒಂದು ಫೋಟೋನೂ ಅಳಿಸಿಲ್ಲ, ಕಣ್ಣು ಮುಚ್ಚಿರೋವನ್ನೆಲ್ಲ ಇಟ್ಟುಕೊಂಡಿದ್ದೀನಿ. ಇಷ್ಟು ದಿನ ನನ್ನ ಕಣ್ಣನ್ನ ನಾನೇ ನಂಬಿರಲಿಲ್ಲ. ಈಗ ನಂಬ್ತೀನಿ."

ಅವನು ಕತ್ತರಿ ಕೆಳಗಿಟ್ಟ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಬಕೆಟ್ಟಿನ ಅಂಚಿನ ಮೇಲಿದ್ದ ಅವಳ ಬೆರಳುಗಳ ಮೇಲೆ ತನ್ನ ಕೈಯಿಟ್ಟ. ತಣ್ಣಗಿತ್ತು, ಮುಳ್ಳು ಗೀಚಿ ಒರಟಾಗಿತ್ತು.

"ಹಾಗಾದ್ರೆ," ಅಂದ, "ಇನ್ನು ಮೇಲೆ ನಿನ್ನನ್ನ 'ನೀನು' ಅನ್ನಬಹುದಾ?"

"ಅಂದಾಯ್ತಲ್ಲ" ಅಂದಳು.

ಅವರ ಮದುವೆ ಹೇಗಿರುತ್ತದೋ ನೋಡಬೇಕು ಅಂತ ಊರಿನ ಕಸುಬಿನವರೆಲ್ಲ ಕಾದಿದ್ದರು. ಒಬ್ಬಳು ಫೋಟೋದವಳು, ಒಬ್ಬ ಹೂವಿನವನು, ಏನೇನು ಮಾಡುತ್ತಾರೋ ಅಂತ. ಅವರಿಬ್ಬರೂ ಕೂತು ಮಾತಾಡಿದ್ದುಂಟು. ಡ್ರೋನ್ ಬೇಡ, ಅದರ ಗಾಳಿಗೆ ಹೂವು ಉದುರುತ್ತದೆ ಅಂದ ಅವನು. ಎಲ್ಲರಿಗೂ ಒಂದೇ ಬಣ್ಣ ಬೇಡ, ಅತ್ತಿಗೆಗೆ ಕಡುಹಸಿರು ಬಿಟ್ಟು ಏನೂ ಒಪ್ಪುವುದಿಲ್ಲ ಅಂದಳು ಅವಳು. ಕೊನೆಗೆ ಅಂಗಡಿಯ ಹಿಂದಿನ ಅಂಗಳ ತೊಳೆದು, ಬಕೆಟ್ಟುಗಳನ್ನು ಗೋಡೆಯುದ್ದಕ್ಕೂ ಸಾಲಾಗಿಟ್ಟು, ಅಂದು ಏನು ಹೂವು ಬಂದಿತ್ತೋ ಅದನ್ನೇ ತುಂಬಿದರು. ಬಂದವರು ಹೋಗುವಾಗ ಕೈತುಂಬ ಒಯ್ಯಲಿ ಅಂತ.

ಫೋಟೋ ತೆಗೆಯುವೆ ಅಂತ ಹಟ ಹಿಡಿದವರು ಅಪ್ಪ. ಯಾರಿಗೂ ಕ್ಯಾಮೆರಾ ಬಿಟ್ಟುಕೊಡಲಿಲ್ಲ. ಅತ್ತಿಗೆ ನಗುತ್ತ ಅತ್ತರು. ಮುನಿಸಿಕೊಂಡ ಹೆಂಡತಿಯ ಆ ಗಿರಾಕಿ, ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು.

ಎಲ್ಲ ಮುಗಿದು ಜನ ಚಹಾದ ಕಡೆ ಹೋದಾಗ ಅಪ್ಪ ಮಗಳ ಹತ್ತಿರ ಬಂದು ಗುಟ್ಟಿನಲ್ಲಿ ಕೇಳಿದರು. "ಮರಿ, ನಿಜ ಹೇಳು. ನಾನು ಬೆಳಕಿಗೆ ಎದುರಾಗಿ ನಿಂತು ತೆಗೆದುಬಿಟ್ಟೆನಾ?"

ಅವಳು ಸುತ್ತ ನೋಡಿದಳು. ಗೋಡೆಯ ಮೇಲೆ ಬಿಸಿಲಿತ್ತು, ನೀರಿನ ಮೇಲೆ ಬಿಸಿಲಿತ್ತು. ಆಚೆಗೆ ಅವನು ಯಾರೋ ಅಜ್ಜಿಗೆ ಹೂವು ಆರಿಸಿಕೊಡುತ್ತ, ನಡುನಡುವೆ ಇತ್ತ ನೋಡುತ್ತಿದ್ದ.

"ಗೊತ್ತಿಲ್ಲಪ್ಪ" ಅಂದಳು. "ಬೆಳಕು ಯಾವ ಕಡೆಯಿಂದ ಬರ್ತಿತ್ತೋ ನಾನು ನೋಡಲೇ ಇಲ್ಲ."